ಕೀನ್ಯಾ ಪೊಲೀಸಿನಲ್ಲಿದ್ದ ಅಪ್ಪನ ಸೇವೆಯನ್ನು ಬರೆದಿಡುವುದು ಹೇಗೆ

ವಸಾಹತು ಕಾಲದ ಪೂರ್ವ ಆಫ್ರಿಕಾದಲ್ಲಿ ಪೊಲೀಸಾಗಿದ್ದ ತಂದೆಯ ಬಗ್ಗೆ ಬರೆಯಲು ಕೂತವರು ಹುಟ್ಟೂರು, ಮನೆತನದಿಂದಲೇ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ: ಪೆಟ್ಟಿಗೆಯಲ್ಲಿ ಉಳಿದಿರುವ ವಸ್ತುಗಳನ್ನು ಮೊದಲು ಮೇಜಿನ ಮೇಲೆ ಹರಡಿಕೊಳ್ಳಿ. ನನ್ನ ಅಪ್ಪ 1950ರ ದಶಕದಲ್ಲಿ ಕೀನ್ಯಾ ಪೊಲೀಸಿನ ಇನ್‌ಸ್ಪೆಕ್ಟರ್. ಮಿತಭಾಷಿ. ಅವರು ಹೇಳದೆ ಹೋದದ್ದರಲ್ಲಿ ಬಹಳಷ್ಟನ್ನು ಆ ವಸ್ತುಗಳಿಂದಲೇ ತಿಳಿದುಕೊಂಡೆ.

ಪದಕವಿದ್ದರೆ ಭೂತಗನ್ನಡಿ ಹಿಡಿದು ಅದರ ಅಂಚನ್ನು ನೋಡಿ. ಹಳದಿ ಪಟ್ಟಿ, ಕಪ್ಪು ಅಂಚು, ನಡುವೆ ಎರಡು ತೆಳು ಹಸಿರು ಗೆರೆಗಳಿರುವ ರಿಬ್ಬನ್ ಆಫ್ರಿಕಾ ಜನರಲ್ ಸರ್ವಿಸ್ ಪದಕದ್ದು. ಅದರ ಮೇಲೆ ‘ಕೀನ್ಯಾ’ ಎಂಬ ಲೋಹದ ಪಟ್ಟಿಯಿದ್ದರೆ, ಮಾವು ಮಾವು ದಂಗೆಯನ್ನು ಅಡಗಿಸಲು ಬ್ರಿಟಿಷರು ಕೀನ್ಯಾದಲ್ಲಿ ಹೇರಿದ ತುರ್ತು ಪರಿಸ್ಥಿತಿಯ ಕಾಲದ ಸೇವೆ. ಅಂಚಿನಲ್ಲಿ ಹೆಸರು, ಹುದ್ದೆ ಅಚ್ಚಾಗಿರುತ್ತದೆ. ಪಾಲಿಶ್ ಮಾಡಬೇಡಿ, ಅಕ್ಷರ ಸವೆಯುತ್ತದೆ. ಹಳೆಯ ಪಾಸ್‌ಪೋರ್ಟಿನ ಮುದ್ರೆಗಳಿಂದ ಪ್ರಯಾಣದ ದಿನಾಂಕ ಸಿಗುತ್ತದೆ. ಮುಂಬಯಿಯಿಂದ ಮೊಂಬಾಸಾಗೆ ‘ಕಂಪಾಲಾ’, ‘ಕರಂಜಾ’ ಹಡಗುಗಳು ಓಡಾಡುತ್ತಿದ್ದವು. ಟಿಕೆಟ್ಟಿನ ಚೂರು ಸಿಕ್ಕಿದರೂ ಎಸೆಯಬೇಡಿ.

ಕಾಗದಪತ್ರ ಓದುವಾಗ ಪಕ್ಕದಲ್ಲಿ ಹಳೆಯ ನಕ್ಷೆ ಇರಲಿ. ಅಪ್ಪನ ಪತ್ರಗಳ ಥಾಮ್ಸನ್ಸ್ ಫಾಲ್ಸ್ ಇಂದು ನ್ಯಾಹುರುರು. ಫೋರ್ಟ್ ಹಾಲ್ ಈಗ ಮುರಂಗಾ. ನೈರೋಬಿಯ ಡೆಲಾಮೇರ್ ಅವೆನ್ಯೂ ಈಗ ಕೆನ್ಯಾಟಾ ಅವೆನ್ಯೂ. ಹೆಸರುಗಳ ಜೋಡಿಪಟ್ಟಿ ಮಾಡಿಕೊಳ್ಳದಿದ್ದರೆ ಒಂದೇ ಊರನ್ನು ಎರಡೆಂದು ಎಣಿಸುವ ಅಪಾಯವಿದೆ. ಸಂಬಳದ ಚೀಟಿಯನ್ನಂತೂ ಜೋಪಾನ ಮಾಡಿ. ಯುರೋಪಿಯನ್ನರಿಗೆ, ಏಷ್ಯನ್ನರಿಗೆ, ಆಫ್ರಿಕನ್ನರಿಗೆ ಬೇರೆ ಬೇರೆ ವೇತನ ಶ್ರೇಣಿಗಳಿದ್ದ ಕಾಲವದು. ಅಪ್ಪ ಯಾರಿಗಿಂತ ಕೆಳಗಿದ್ದರು, ಯಾರಿಗಿಂತ ಮೇಲಿದ್ದರು ಎಂಬುದು ಅಲ್ಲಿ ಶಿಲಿಂಗುಗಳಲ್ಲಿ ಕಾಣುತ್ತದೆ.

ಫೋಟೋಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ನಮ್ಮಲ್ಲಿರುವ ಒಂದು ಠಾಣೆಯ ಚಿತ್ರದಲ್ಲಿ ಅಪ್ಪ ಮತ್ತು ಒಬ್ಬ ಬಿಳಿಯ ಅಧಿಕಾರಿ ಕುರ್ಚಿಯಲ್ಲಿ ಕುಳಿತಿದ್ದಾರೆ. ಹಿಂದೆ ಒಂದು ಸಾಲು ಅಸ್ಕರಿಗಳು, ಅಂದರೆ ಆಫ್ರಿಕನ್ ಪೊಲೀಸ್ ಪೇದೆಗಳು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಕುಳಿತವರಿಬ್ಬರ ಹೆಸರು ಮಾತ್ರ. ನಿಂತವರು ಕೇವಲ ‘ಅಸ್ಕರಿಗಳು’. ಅವರಲ್ಲಿ ಕಾಂಬಾ ಸಮುದಾಯದ ಒಬ್ಬ ಕಾನ್‌ಸ್ಟೇಬಲ್‌ನ ಹೆಸರು ಅಮ್ಮನಿಗೆ ನೆನಪಿತ್ತು. ಅದನ್ನು ಶೀರ್ಷಿಕೆಯಲ್ಲಿ ಸೇರಿಸಿದೆ. ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೇಳಿ, ಮುಂದೂಡಬೇಡಿ.

ಇನ್ನು ಸರ್ಕಾರಿ ದಾಖಲೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ತಂದೆಯ ಸೇವಾ ಕಡತವೇ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಆಡಳಿತದ ಪತ್ರವ್ಯವಹಾರ ಸಿಗುತ್ತದೆ. ಸಿಒ 822 ಎಂಬುದು ಬ್ರಿಟಿಷ್ ವಸಾಹತು ಕಚೇರಿಯ ಪೂರ್ವ ಆಫ್ರಿಕಾದ ಕಡತಗಳ ಸರಣಿ. ಎಫ್‌ಸಿಒ 141 ಎಂಬುದು ಸ್ವಾತಂತ್ರ್ಯದ ಹೊತ್ತಿಗೆ ವಸಾಹತುಗಳಿಂದ ಬ್ರಿಟನ್ನಿಗೆ ಸಾಗಿಸಿ, ದಶಕಗಳ ಕಾಲ ಮುಚ್ಚಿಟ್ಟು, 2012ರಿಂದ ತೆರೆದ ಕಡತಗಳ ಸರಣಿ. ಕೀನ್ಯಾ ಗೆಜೆಟ್‌ನ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲೇ ಇವೆ. ಅಲ್ಲಿ ಇನ್‌ಸ್ಪೆಕ್ಟರುಗಳ ಹೆಸರು ವಿರಳ. ಹಾಗಿದ್ದರೂ ಹೆಸರಿನ ಕಾಗುಣಿತ ಬದಲಿಸಿ ಬದಲಿಸಿ ಹುಡುಕಿ. ನೈರೋಬಿಯ ಮೋಯಿ ಅವೆನ್ಯೂದಲ್ಲಿರುವ ಕೀನ್ಯಾದ ರಾಷ್ಟ್ರೀಯ ಪತ್ರಾಗಾರದಲ್ಲೂ ವಿಚಾರಿಸಿ.

ಅತಿ ಕಷ್ಟದ ಕೆಲಸ ಇದರ ನಂತರದ್ದು. 1952ರ ಅಕ್ಟೋಬರ್ 20ರಂದು ಘೋಷಣೆಯಾದ ತುರ್ತು ಪರಿಸ್ಥಿತಿ 1960ರವರೆಗೆ ನಡೆಯಿತು. 1954ರ ಏಪ್ರಿಲ್ 24ರಂದು ನೈರೋಬಿಯನ್ನು ಸುತ್ತುವರಿದು ಕಿಕುಯು ಸಮುದಾಯದ ಸಾವಿರಾರು ಜನರನ್ನು ಬಂಧನ ಶಿಬಿರಗಳಿಗೆ ಕಳಿಸಿದರು. 1959ರ ಮಾರ್ಚ್ 3ರಂದು ಹೋಲಾ ಶಿಬಿರದಲ್ಲಿ ಕಾವಲುಗಾರರ ಹೊಡೆತಕ್ಕೆ ಹನ್ನೊಂದು ಬಂಧಿತರು ಸತ್ತರು. 2013ರಲ್ಲಿ ಬ್ರಿಟಿಷ್ ಸರ್ಕಾರ ವಿಷಾದ ವ್ಯಕ್ತಪಡಿಸಿ, ಆ ಕಾಲದಲ್ಲಿ ಹಿಂಸೆಗೊಳಗಾದ 5,228 ಜನರಿಗೆ ಪರಿಹಾರ ಕೊಡಲು ಒಪ್ಪಿತು. ಈ ದಿನಾಂಕಗಳನ್ನು ಒಂದು ಕಾಲಂನಲ್ಲಿ ಬರೆದು, ಅಪ್ಪನ ವರ್ಗಾವಣೆ ಮತ್ತು ರಜೆಗಳನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ. ಅವರು ಎಲ್ಲಿದ್ದರೆಂದು ತಿಳಿಯದಿದ್ದರೆ ಆ ಜಾಗ ಖಾಲಿ ಬಿಡಿ. ‘ಅಪ್ಪ ಅಂಥವರಲ್ಲ’ ಎಂದು ಅದನ್ನು ತುಂಬಬೇಡಿ. ಪುರಾವೆಯಿಲ್ಲದೆ ಅಪರಾಧಿಯನ್ನಾಗಿಯೂ ಮಾಡಬೇಡಿ. ನಾನು ಅಪ್ಪನನ್ನು ತುಂಬಾ ಪ್ರೀತಿಸಿದವಳು. ಆದ್ದರಿಂದಲೇ ಅವರ ಹೆಸರಿನಲ್ಲಿ ಒಂದು ಸುಳ್ಳು ಸಾಲೂ ಇರಬಾರದೆಂಬ ಹಟ ನನಗೆ. ಶಿಬಿರಗಳಲ್ಲಿದ್ದವರು ಕೊಟ್ಟ ಹೇಳಿಕೆಗಳನ್ನೂ ಓದಿ, ಅಪ್ಪನ ಪತ್ರಗಳ ಜೊತೆಗೇ ಇಡಿ.

ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯದ ಎದುರು ಅದು ಎಲ್ಲಿಂದ ಬಂತೆಂದು ಗುರುತಿಸಿ: ಪತ್ರ, ಕಡತ, ಅಮ್ಮನ ಮಾತು, ನಿಮ್ಮ ಊಹೆ. ಒಂದು ಪ್ರತಿಯನ್ನು ಮನೆಯ ಹೊರಗೆ, ಗ್ರಂಥಾಲಯವೊಂದಕ್ಕೆ ಕೊಡಿ. ಮೂಲ ಪತ್ರಗಳನ್ನು ಎಂದಿಗೂ ಲ್ಯಾಮಿನೇಟ್ ಮಾಡಿಸಬೇಡಿ. ಆಮ್ಲರಹಿತ ಕಾಗದದ ಲಕೋಟೆ ಸಾಕು.