ರೋಬಾಟ್ ಆಪರೇಷನ್ ಬಗ್ಗೆ ನಾನು ರೋಗಿಗಳ ಜೊತೆ ಮಾತಾಡುವ ಬಗೆ

ರೋಬಾಟ್ ಆಪರೇಷನ್ ಅಂದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ: "ಡಾಕ್ಟ್ರೇ, ಮೆಷೀನೇ ಕೊಯ್ಯುತ್ತಾ? ನೀವು ಇರಲ್ವಾ?" ಹಾಗಾಗಿ ನಾನು ಮಾತು ಶುರು ಮಾಡುವುದೇ ಅಲ್ಲಿಂದ. ನಾನು ಅದೇ ಕೋಣೆಯಲ್ಲಿ, ಕೆಲವೇ ಹೆಜ್ಜೆ ದೂರದ ಕನ್ಸೋಲ್ ಮುಂದೆ, ಅಂದರೆ ಒಳಗಿನ ಚಿತ್ರ ನೋಡುತ್ತ ರೋಬಾಟ್ ನಡೆಸುವ ಯಂತ್ರದ ಮುಂದೆ ಕೂತಿರುತ್ತೇನೆ. ನನ್ನ ಬೆರಳು ಆಡಿದಂತೆ ಒಳಗಿನ ಉಪಕರಣ ಆಡುತ್ತದೆ. ನಾನು ಕನ್ಸೋಲ್‌ನಿಂದ ತಲೆ ಹಿಂದಕ್ಕೆ ತೆಗೆದರೆ ರೋಬಾಟ್‌ನ ತೋಳುಗಳು ಇದ್ದಲ್ಲೇ ನಿಲ್ಲುತ್ತವೆ. ರೋಗಿಯ ಪಕ್ಕದಲ್ಲೇ ಇನ್ನೊಬ್ಬ ಸಹಾಯಕ ಸರ್ಜನ್, ನರ್ಸ್ ಇರುತ್ತಾರೆ. ಇಷ್ಟು ಹೇಳಿ ಒಂದು ಫೋಟೊ ತೋರಿಸಿದರೆ ಸಾಕು. ಕನ್ಸೋಲ್ ಮುಂದೆ ಮನುಷ್ಯ ಕೂತಿರುವುದು ಕಂಡರೆ ಅರ್ಧ ಹೆದರಿಕೆ ಇಳಿಯುತ್ತದೆ.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಅತಿಯಾಗಿ ನಂಬಿ ಬಂದವರ ಜೊತೆ. ರೋಬಾಟ್ ಅಂದರೆ ತಪ್ಪೇ ಆಗಲ್ಲ, ಕ್ಯಾನ್ಸರ್ ಪೂರ್ತಿ ಹೋಗುತ್ತೆ ಅಂದುಕೊಂಡಿರುತ್ತಾರೆ. ಅವರಿಗೆ ಲಾಭವನ್ನೂ ಮುಚ್ಚಿಡುವುದಿಲ್ಲ. ಗಾಯ ಸಣ್ಣದು, ತೆರೆದ ಆಪರೇಷನ್‌ಗಿಂತ ರಕ್ತ ಹೋಗುವುದು ಕಡಿಮೆ, ಮನೆಗೆ ಬೇಗ ಹೋಗಬಹುದು. ಆದರೆ ರೋಬಾಟ್ ಇಲ್ಲದೆ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ ಸರ್ಜನ್ ಕೈಯಲ್ಲೇ ಮಾಡುವ ಲ್ಯಾಪರೊಸ್ಕೋಪಿಯಲ್ಲೂ ಇವೆಲ್ಲ ಸಿಗುತ್ತವಲ್ಲ? ಗುದನಾಳದ ಕ್ಯಾನ್ಸರ್‌ನಲ್ಲಿ ಇವೆರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ 2017ರಲ್ಲಿ ಬಂತು. ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬರುವುದು ರೋಬಾಟ್‌ನಿಂದ ಖಚಿತವಾಗಿ ಕಡಿಮೆಯಾಗುತ್ತದೆ ಅಂತ ಅದರಲ್ಲಿ ಸಾಬೀತಾಗಲಿಲ್ಲ. 2018ರ ಇನ್ನೊಂದು ಅಧ್ಯಯನವನ್ನಂತೂ ನಾನು ಬಿಡುವುದೇ ಇಲ್ಲ. ಆರಂಭದ ಹಂತದ ಗರ್ಭಕೊರಳಿನ ಕ್ಯಾನ್ಸರ್‌ಗೆ ಸಣ್ಣ ರಂಧ್ರದ ಆಪರೇಷನ್ ಮಾಡಿಸಿಕೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು, ಸಾವು, ಎರಡೂ ತೆರೆದ ಆಪರೇಷನ್‌ಗಿಂತ ಜಾಸ್ತಿ. ಆ ಸಣ್ಣ ರಂಧ್ರದ ಆಪರೇಷನ್‌ಗಳಲ್ಲಿ ಹೆಚ್ಚಿನವು ಲ್ಯಾಪರೊಸ್ಕೋಪಿ, ಕೆಲವು ರೋಬಾಟ್. ಸಣ್ಣ ಗಾಯ ಯಾವಾಗಲೂ ಒಳ್ಳೆಯದು ಅನ್ನುವ ನಂಬಿಕೆಯನ್ನು ಇದು ಅಲ್ಲಾಡಿಸುತ್ತದೆ. ಅಲ್ಲಾಡಿಸಲೇಬೇಕು.

ಖರ್ಚಿನ ಮಾತನ್ನು ಅವರು ಕೇಳುವ ಮೊದಲೇ ನಾನೇ ಎತ್ತುತ್ತೇನೆ. ಕೇಳೋಕೆ ತುಂಬ ಜನ ಸಂಕೋಚ ಪಡುತ್ತಾರೆ.

ಎಲ್ಲ ಹೇಳಿದ ಮೇಲೆ "ಅರ್ಥ ಆಯ್ತಾ?" ಅಂತ ನಾನು ಕೇಳುವುದಿಲ್ಲ. ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ. "ಮನೆಯವರಿಗೆ ಇದನ್ನ ಹೇಗೆ ಹೇಳ್ತೀರಿ, ನನಗೊಮ್ಮೆ ಹೇಳಿ" ಅನ್ನುತ್ತೇನೆ. "ಕಂಪ್ಯೂಟರ್ ನೋಡಿಕೊಂಡು ತೆಗೆಯುತ್ತಂತೆ" ಅಂದರೆ ಮತ್ತೆ ಮೊದಲಿಂದ ಶುರು. ಇದಕ್ಕೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಜಾಗ ಸಾಲದು, ಬೇರೆ ಹೊತ್ತು ಕೊಟ್ಟು ಕರೆಯುತ್ತೇನೆ.

"ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ?" ಅಂತ ಕೇಳುವವರು ಕಡಿಮೆ. ಯಂತ್ರಕ್ಕಿಂತ ಅದನ್ನು ನಡೆಸುವವರ ಅನುಭವ ಮುಖ್ಯ, ಅಲ್ವಾ? ಅದಕ್ಕೇ ನನ್ನ ಲೆಕ್ಕವನ್ನು ನಾನೇ ಮುಂದಿಡುತ್ತೇನೆ. ಬೇರೆ ಸರ್ಜನ್ ಅಭಿಪ್ರಾಯವೂ ಬೇಕು ಅಂದವರಿಗೆ ರಿಪೋರ್ಟ್‌ಗಳ ಪ್ರತಿ ಅವತ್ತೇ ಕೊಟ್ಟು ಕಳಿಸುತ್ತೇನೆ.