ಬೆಣ್ಣೆಯಂಥ ಸೀಟು, ಮೇಲುಕೋಟೆ ದಾರಿ

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಮೊದಲ ಸಲ ಸೈಕಲ್‌ನಲ್ಲಿ ಹೋದಾಗ ಅಲ್ಲಿ ಪುಳಿಯೋಗರೆಯನ್ನು ನಿಂತುಕೊಂಡೇ ತಿಂದೆ. ಕಾಲಲ್ಲಿ ಇನ್ನೂ ಕಸುವಿತ್ತು. ಕೂರೋಕೆ ಮಾತ್ರ ಆಗುತ್ತಿರಲಿಲ್ಲ. ವಾಪಸ್ ಬರುವಾಗ ಅರ್ಧ ದಾರಿ ಪೆಡಲ್ ಮೇಲೆ ನಿಂತೇ ತುಳಿದೆ.

ಸೀಟು ಗಟ್ಟಿ, ಮೆತ್ತಗಿನದು ಬೇಕು ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಜೆಲ್ ತುಂಬಿದ ಕವರ್ ತಂದು ಹಾಕಿದೆ. ಅಂಗಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಬೆಣ್ಣೆ! ಚಾಮುಂಡಿ ಬೆಟ್ಟ ಹತ್ತಿ ಇಳಿಯುವಷ್ಟು ದೂರಕ್ಕೆ ಸುಖವಾಗಿಯೇ ಇತ್ತು. ನಂಜನಗೂಡಿಗೆ ಹೋಗಿ ಬಂದ ದಿನ ತೊಡೆಸಂದು ಜೋಮು ಹಿಡಿಯಿತು. ನೋವಿಗಿಂತ ಈ ಜೋಮು ನನ್ನನ್ನು ಜಾಸ್ತಿ ಹೆದರಿಸಿತು.

ಆಮೇಲೆ ಕಾರಣ ಹುಡುಕಿದೆ. ನಾವು ಕೂತಾಗ ಭಾರ ಹೊರಬೇಕಾದ್ದು ಹಿಂಭಾಗದ ಎರಡು ಮೂಳೆಗಳು. ಅಂಗೈ ಮೇಲೆ ಕೂತು ನೋಡಿ, ಎರಡೂ ಚುಚ್ಚುತ್ತವೆ. ಸೀಟು ತೀರಾ ಮೆತ್ತಗಿದ್ದರೆ ಈ ಮೂಳೆಗಳು ಒಳಗೆ ಹೂತುಕೊಳ್ಳುತ್ತವೆ, ನಡುವಿನ ಜೆಲ್ ಮೇಲಕ್ಕೆ ಉಬ್ಬುತ್ತದೆ. ನರ, ರಕ್ತನಾಳ ಇರುವ ಜಾಗವನ್ನೇ ಅದು ಒತ್ತುತ್ತದೆ. ಜೋಮು ಬಂದದ್ದು ಅದರಿಂದ.

ಹಾಗಾದರೆ ಮೊದಲು ನೋಡಬೇಕಾದ್ದು ಅಗಲ. ಒಂದು ಭಾನುವಾರ ಫ್ಯಾನ್ ಬಂದಿದ್ದ ಡಬ್ಬಿಯ ರಟ್ಟು ಹರಿದು ಜಗಲಿ ಮೇಲೆ ಹಾಕಿದೆ. ಕಾಲಡಿಗೆ ಒಂದು ಮಣೆ ಇಟ್ಟುಕೊಂಡು, ಸೈಕಲ್ ಮೇಲೆ ಬಗ್ಗುವಷ್ಟೇ ಬಗ್ಗಿ ಕೂತೆ. "ರೀ, ರಟ್ಟಿನ ಮೇಲೆ ಕೂತು ಏನ್ ಮಾಡ್ತಿದ್ದೀರಾ?" ಅಂತ ನನ್ನಾಕೆ ಕೇಳಿದಳು. ಮೊಟ್ಟೆ ಇಡ್ತಿದ್ದೀನಿ ಅಂದೆ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಕುಳಿ. ಸರಿಯಾಗಿ ಕಾಣಲಿಲ್ಲ, ಸ್ವಲ್ಪ ರಂಗೋಲಿ ಪುಡಿ ಉದುರಿಸಿ ಒರೆಸಿದ ಮೇಲೆ ಕಂಡಿತು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 12 ಸೆಂಟಿಮೀಟರ್. ಇದಕ್ಕೆ 2 ಸೆಂಟಿಮೀಟರ್ ಕೂಡಿಸಿದರೆ ಸೀಟಿನ ಅಗಲ ಹೆಚ್ಚುಕಮ್ಮಿ ಸಿಗುತ್ತದೆ. ನನ್ನ ಹಳೇ ಸೀಟು ಅಳೆದರೆ 13. ಮೂಳೆ ಎರಡೂ ಅಂಚಿನ ಮೇಲೆ ಕೂರುತ್ತಿದ್ದವು!

ಅಗಲ ಬೇಕು ಅಂತ ತೀರಾ ಅಗಲದ್ದು ತಗೊಂಡರೂ ಕಷ್ಟ, ತುಳಿಯುವಾಗ ತೊಡೆ ಉಜ್ಜುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರ ಸೈಕಲ್‌ಗೆ ಸ್ಪ್ರಿಂಗಿನ ದೊಡ್ಡ ಸೀಟು ಇರುತ್ತದಲ್ಲ, ಅದು ಅವರಿಗೆ ಸರಿ. ಅವರು ನೆಟ್ಟಗೆ ಕೂತು ತುಳಿಯುತ್ತಾರೆ, ಭಾರವೆಲ್ಲ ಹಿಂದಕ್ಕೇ ಬೀಳುತ್ತದೆ. ಬಗ್ಗಿದಷ್ಟೂ ಸೀಟು ಕಿರಿದಾಗಬೇಕು. ಸ್ನೇಹಿತನೊಬ್ಬ ಬ್ರೂಕ್ಸ್ ಕಂಪನಿಯ ಚರ್ಮದ ಸೀಟನ್ನು ಹೊಗಳುತ್ತಾನೆ. ಅದು ಮೈಗೆ ಒಗ್ಗಲು ನೂರಾರು ಕಿಲೋಮೀಟರ್ ಬೇಕು, ಮಳೆಗೆ ನೆನೆಯಲೂ ಬಾರದು. ನನಗೆ ಅಷ್ಟು ಉಪಚಾರ ಮಾಡುವ ತಾಳ್ಮೆ ಇಲ್ಲ. ನಡುವೆ ಸೀಳಿರುವ, ಸ್ವಲ್ಪ ಗಟ್ಟಿಯಾದ, ಹದಿನಾಲ್ಕೂವರೆ ಸೆಂಟಿಮೀಟರಿನದು ತಗೊಂಡೆ.

ಸೀಟು ಬದಲಾದರೂ ಮೊದಲ ವಾರ ಜೋಮು ಹೋಗಲಿಲ್ಲ. ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರಿಂದ ರಸಮಟ್ಟ ಇಸಕೊಂಡು ಸೀಟಿನ ಮೇಲಿಟ್ಟೆ. ಮೂತಿ ಮೇಲಕ್ಕೆದ್ದಿತ್ತು. ಇಳಿಸಿದೆ, ಜಾಸ್ತಿಯೇ ಇಳಿಸಿದೆ. ಈಗ ಮುಂದಕ್ಕೆ ಜಾರಿ ಜಾರಿ ಅಂಗೈ ನೋವು ಶುರುವಾಯಿತು. ಕೊನೆಗೆ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿದೆ. ಎತ್ತರಕ್ಕೆ ಹಳೇ ಲೆಕ್ಕವೇ ಸಾಕು: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆ ಜಾಗಕ್ಕೆ ಸೀಟಿನ ಕಂಬದ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ.

ಪ್ಯಾಡ್ ಇರುವ ಚಡ್ಡಿ ಹಾಕುವುದಾದರೆ ಒಳಗೆ ಇನ್ನೊಂದು ಚಡ್ಡಿ ಬೇಡ. ಒಳಗಿನದರ ಹೊಲಿಗೆಯೇ ಉಜ್ಜಿ ಗಾಯ ಮಾಡುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಮೇಲುಕೋಟೆಗೆ ಹೋದಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಆರಾಮಾಗಿ ಕೂತು ಪುಳಿಯೋಗರೆ ತಿಂದೆ. ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಮೊಣಕಾಲು ನೋಯತೊಡಗಿತು. ಇದೇನಪ್ಪಾ ಹೊಸದು ಅಂತ ಇಳಿದು ನೋಡಿದರೆ ಮಾರ್ಕರ್ ಗೆರೆಯೇ ಇಲ್ಲ. ಬೋಲ್ಟ್ ಸಡಿಲವಾಗಿ, ಕಂಬ ಗೆರೆ ಸಮೇತ ಒಳಗಿಳಿದಿತ್ತು. ಮರದ ನೆರಳಿಗೆ ಸೈಕಲ್ ಒರಗಿಸಿ ಅಲೆನ್ ಕೀ ತೆಗೆದೆ.