ಬೇಸಿಗೆಯಲ್ಲಿ ಹೊರಗೆ ಬೆಂಕಿ ಹಚ್ಚುವ ಮುನ್ನ: ಮೆಲ್ಬರ್ನ್‌ಗೆ ಹೊಸದಾಗಿ ಬಂದವರಿಗೆ

ಅಂಗಳ ಗುಡಿಸಿ, ತರಗೆಲೆ ಒಟ್ಟುಮಾಡಿ, ಕಡ್ಡಿ ಗೀರಿ ಬಿಡುವುದು ಊರಲ್ಲಿ ದಿನದ ಕೆಲಸ. ಕಸ ಸುಡಬಾರದು ಅನ್ನುವ ನಿಯಮ ಬೆಂಗಳೂರಿನಲ್ಲೂ ಇದೆ, ಆದರೆ ಕೇಳುವವರು ಕಡಿಮೆ. ಇಲ್ಲಿ ಕೇಳುತ್ತಾರೆ. ಹಿತ್ತಲಲ್ಲಿ ಹೊಗೆ ಎದ್ದರೆ ಪಕ್ಕದ ಮನೆಯವರೇ ಫೋನ್ ಮಾಡಬಹುದು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೆಲ್ಬರ್ನ್‌ನ ಬಹುತೇಕ ಕೌನ್ಸಿಲ್‌ಗಳು (ನಮ್ಮ ನಗರಸಭೆ ಇದ್ದ ಹಾಗೆ) ಮನೆಯ ಹಿತ್ತಲಲ್ಲಿ ಎಲೆ, ಕಸ ಸುಡಲು ಬಿಡುವುದಿಲ್ಲ. ಎಲೆ, ಹುಲ್ಲು, ಕತ್ತರಿಸಿದ ಕೊಂಬೆ ಎಲ್ಲ ಹಸಿರು ಮುಚ್ಚಳದ ಬಿನ್‌ಗೆ ಹಾಕಿ. ನಿಮ್ಮ ಕೌನ್ಸಿಲ್‌ನ ನಿಯಮ ಏನು ಅಂತ ಅವರ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಇದು ವರ್ಷವಿಡೀ ಇರುವ ನಿಯಮ. ಜಾಸ್ತಿ ಎಚ್ಚರ ಬೇಕಾಗಿರುವುದು ಬೇಸಿಗೆಯ ನಿಯಮಕ್ಕೆ, ಯಾಕಂದ್ರೆ ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ಅಪರಾಧ ಆಗಬಹುದು.

ಟೋಟಲ್ ಫೈರ್ ಬ್ಯಾನ್

ಬಿಸಿ, ಒಣಹವೆ, ಜೋರು ಗಾಳಿ ಮೂರೂ ಸೇರುವ ದಿನ ಸಿಎಫ್‌ಎ, ಅಂದರೆ ಕಂಟ್ರಿ ಫೈರ್ ಅಥಾರಿಟಿ, ಟೋಟಲ್ ಫೈರ್ ಬ್ಯಾನ್ (ಹೊರಗೆ ಬೆಂಕಿ ಹಚ್ಚುವುದಕ್ಕೆ ನಿಷೇಧ) ಘೋಷಿಸುತ್ತದೆ. ಸಾಮಾನ್ಯವಾಗಿ ಹಿಂದಿನ ದಿನ ಸಂಜೆಯೊಳಗೆ ತಿಳಿಯುತ್ತದೆ. ಹೆಸರಲ್ಲಿ 'ಕಂಟ್ರಿ' ಇದೆ, ನಾವು ಸಿಟಿಯವರು ಅಂದುಕೊಳ್ಳಬೇಡಿ. ಮೆಲ್ಬರ್ನ್ ಬರುವುದು ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ. ಆ ಡಿಸ್ಟ್ರಿಕ್ಟ್‌ಗೆ ಬ್ಯಾನ್ ಇದ್ದರೆ ನಿಮ್ಮ ಹಿತ್ತಲಿಗೂ ಇದೆ. ತುರ್ತು ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ಹಾಕಿಕೊಂಡು ಮನೆ ಇರುವ ಜಾಗವನ್ನು ಅದರಲ್ಲಿ ಗುರುತು ಮಾಡಿ. ಫೋನ್‌ನಲ್ಲಿ ಕೇಳಬೇಕಾದರೆ 1800 226 226.

ಬ್ಯಾನ್ ಶುರುವಾಗುವುದು ಮಧ್ಯರಾತ್ರಿ 12 ಗಂಟೆ 1 ನಿಮಿಷಕ್ಕೆ, ಮುಗಿಯುವುದು ಆ ದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ. ಸಂಜೆ ತಣ್ಣನೆ ಗಾಳಿ ಬಂತು, ಇನ್ನೇನು ಪರವಾಗಿಲ್ಲ ಅಂತ ಇದ್ದಿಲು ಹಚ್ಚುವ ಹಾಗಿಲ್ಲ. ಆ ತಣ್ಣನೆ ಗಾಳಿಯೇ ಇಲ್ಲಿ ಅಪಾಯ. ಬಿಸಿಗಾಳಿ ಒಳನಾಡಿನಿಂದ, ಉತ್ತರದಿಂದ ಬೀಸುತ್ತದೆ. ಬೆಂಕಿ ಅದರ ಜೊತೆ ಉದ್ದಕ್ಕೆ, ಕಿರಿದಾಗಿ ಓಡುತ್ತದೆ. ಗಾಳಿ ತಿರುಗಿ ನೈಋತ್ಯದಿಂದ ಬೀಸಿದ ಕೂಡಲೇ ಆ ಉದ್ದದ ಪಕ್ಕವೇ ಬೆಂಕಿಯ ಮುಂಭಾಗ ಆಗಿಬಿಡುತ್ತದೆ. 2009ರ ಫೆಬ್ರವರಿ 7ರಂದು, ಇಲ್ಲಿನವರು ಬ್ಲ್ಯಾಕ್ ಸಾಟರ್ಡೆ ಅನ್ನುವ ದಿನ, ಆದದ್ದು ಇದೇ. 173 ಜನ ಸತ್ತರು. ಇಲ್ಲಿನ ನಿಯಮ ಯಾಕಿಷ್ಟು ಬಿಗಿ ಅಂತ ಅನ್ನಿಸಿದಾಗ ಆ ದಿನದ ಬಗ್ಗೆ ಓದಿ.

ಬ್ಯಾನ್ ದಿನ ಹೊರಗೆ ಸೌದೆ, ಇದ್ದಿಲು ಹಚ್ಚುವಂತಿಲ್ಲ. ತಂದೂರು, ಇಟ್ಟಿಗೆ ಒಲೆ, ಪಿಜ್ಜಾ ಒವನ್ ಎಲ್ಲಕ್ಕೂ ಇದೇ ಮಾತು. ಹೊರಗೆ ವೆಲ್ಡಿಂಗ್, ಗ್ರೈಂಡಿಂಗ್ ಕೂಡ ಬೇಡ. ಅಡುಗೆಗೆ ಗ್ಯಾಸ್ ಅಥವಾ ಕರೆಂಟ್ ಬಾರ್ಬೆಕ್ಯೂ ಬಳಸಬಹುದು, ಆದರೆ ಸುತ್ತ 3 ಮೀಟರ್ ಒಣ ಹುಲ್ಲು, ಎಲೆ ಇರಬಾರದು. ನಲ್ಲಿಗೆ ಜೋಡಿಸಿದ ಪೈಪ್ ಅಥವಾ ಕನಿಷ್ಠ 10 ಲೀಟರ್ ನೀರು ಪಕ್ಕದಲ್ಲೇ ಇರಬೇಕು. ದೊಡ್ಡವರೊಬ್ಬರು ಅಲ್ಲಿಂದ ಕದಲಬಾರದು. ಪಾರ್ಕ್‌ಗಳಲ್ಲಿರುವ ಕರೆಂಟ್ ಬಾರ್ಬೆಕ್ಯೂಗೂ ಇದೇ ಷರತ್ತು. ಮೀರಿದರೆ ಹತ್ತಾರು ಸಾವಿರ ಡಾಲರ್ ದಂಡ, 2 ವರ್ಷದವರೆಗೆ ಜೈಲು.

ರಸ್ತೆ ಬದಿಯ ಅರ್ಧಚಂದ್ರಾಕಾರದ ಬೋರ್ಡ್‌ನಲ್ಲಿ ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರೋಫಿಕ್ ಅಂತ ಇರುತ್ತದೆ. ಅದು ಹೇಳುವುದು ಅಪಾಯದ ಮಟ್ಟ. ಬ್ಯಾನ್ ಬೇರೆ, ಅದನ್ನು ಪ್ರತ್ಯೇಕವಾಗಿ ನೋಡಬೇಕು.

ನಮ್ಮ ಹಬ್ಬಗಳು

ಸಂಕ್ರಾಂತಿ ಬರುವುದು ಇಲ್ಲಿನ ನಡುಬೇಸಿಗೆಯಲ್ಲಿ. ಕಾಮದಹನದ ಹೊತ್ತಿಗೂ ಹುಲ್ಲು ಒಣಗಿಯೇ ಇರುತ್ತದೆ. ಹಾಗಾಗಿ ಹಿತ್ತಲಲ್ಲಿ ಕಾಮಣ್ಣನನ್ನು ಸುಡುವ ಯೋಚನೆ ಬಿಟ್ಟುಬಿಡಿ, ಬಣ್ಣ ಆಡಿ. ಪಟಾಕಿ ಸಿಡಿಸಲು ಲೈಸೆನ್ಸ್ ಇರುವವರಿಗೆ ಮಾತ್ರ ಅವಕಾಶ. ಊರಿಂದ ಬರುವವರಿಗೆ 'ಸ್ವಲ್ಪ ತಂದುಬಿಡಿ' ಅಂತ ಹೇಳಲೇಬೇಡಿ, ವಿಮಾನದಲ್ಲೇ ಅದು ನಿಷಿದ್ಧ. ಕಾರ್ತಿಕದಲ್ಲಿ ತುಳಸಿ ಮುಂದೆ, ಮೆಟ್ಟಿಲ ಮೇಲೆ ದೀಪ ಇಡುವ ರೂಢಿ ಇದ್ದರೆ ಬ್ಯಾನ್ ದಿನ ದೀಪಗಳನ್ನು ದೇವರ ಮುಂದೆಯೇ ಇಡಿ.

ಗೃಹಪ್ರವೇಶದ ಹೋಮದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಹೂರ್ತ ಇಡುವಾಗಲೇ ಪುರೋಹಿತರ ಹತ್ತಿರ ಮಾತಾಡಿ: ಹೊರಗೆ ಮಾಡುವುದಾದರೆ ಬ್ಯಾನ್ ಬಂದ ದಿನ ಆಗುವುದಿಲ್ಲ. ಒಳಗೆ ಮಾಡಿದರೆ ಸ್ಮೋಕ್ ಅಲಾರಂ ಕೂಗುತ್ತದೆ. ಚಿಕ್ಕ ಕುಂಡ, ಒಣಗಿದ ಸಮಿತ್ತು, ತೆರೆದ ಕಿಟಕಿ ಇದ್ದರೆ ಹೊಗೆ ಕಡಿಮೆ. ಅಲಾರಂ ಬಿಚ್ಚಿಡುವುದು, ಪ್ಲಾಸ್ಟಿಕ್ ಕವರ್ ಕಟ್ಟುವುದು ತಪ್ಪು. ಅಪಾರ್ಟ್‌ಮೆಂಟ್‌ನಲ್ಲಾದರೆ ಮೊದಲು ಬಿಲ್ಡಿಂಗ್ ಮ್ಯಾನೇಜರ್‌ನ ಕೇಳಿ. ಅನೇಕ ಕಟ್ಟಡಗಳ ಅಲಾರಂ ನೇರವಾಗಿ ಫೈರ್ ಬ್ರಿಗೇಡ್‌ಗೆ ಹೋಗುತ್ತದೆ. ಅವರು ಸುಮ್ನೆ ಬಂದು ಹೋಗುವಂತಾದರೆ ಬಿಲ್ ಬರಬಹುದು. ಇನ್ನೊಂದು ಮಾತು: ಹೊರಗೆ ಬ್ಯಾನ್ ಇದೆ ಅಂತ ಇದ್ದಿಲ ಒಲೆಯನ್ನು ಗ್ಯಾರೇಜ್‌ಗೋ ಮನೆಯೊಳಗೋ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ಕ್ಯಾಂಪಿಂಗ್, ಖಾಲಿ ಸೈಟು

ಬ್ಯಾನ್ ಇಲ್ಲದ ದಿನವೂ ಕ್ಯಾಂಪ್‌ಫೈರ್‌ಗೆ ನಿಯಮ ಇದೆ. ಕಟ್ಟಿದ ಒಲೆ ಇದ್ದರೆ ಅದರಲ್ಲೇ ಹಚ್ಚಿ. ಇಲ್ಲದಿದ್ದರೆ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ. ಸುತ್ತ 3 ಮೀಟರ್ ಖಾಲಿ ಇರಲಿ. ಆರಿಸುವಾಗ ಮಣ್ಣು ಮುಚ್ಚಬೇಡಿ, ಕೆಂಡ ಅಡಿಯಲ್ಲಿ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಮಾರನೇ ದಿನ ಬರಿಗಾಲಲ್ಲಿ ಓಡುವ ಮಕ್ಕಳ ಕಾಲು ಸುಡುವುದು ಹೀಗೇ. ನೀರು ಹೊಯ್ಯಿರಿ, ಕೈಗೆ ತಣ್ಣಗಾಗುವವರೆಗೂ ಹೊಯ್ಯಿರಿ.

ಟಾರ್ನೀಟ್, ಟ್ರುಗನೀನಾ, ಮೆಲ್ಟನ್ ಕಡೆ ಸೈಟು ತಗೊಂಡು ಮನೆ ಕಟ್ಟದೆ ಬಿಟ್ಟವರು ಹುಲ್ಲಿನ ಕಡೆ ಗಮನ ಕೊಡಿ. ಕಾಡೇ ಇಲ್ಲವಲ್ಲ ಅನ್ನಬೇಡಿ, ಬಯಲಲ್ಲಿ ಹುಲ್ಲಿನ ಬೆಂಕಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಹುಲ್ಲು ಕತ್ತರಿಸಿ ಅಂತ ಕೌನ್ಸಿಲ್ ನೋಟಿಸ್ ಕಳಿಸುತ್ತದೆ. ಹಳೇ ವಿಳಾಸಕ್ಕೆ ಹೋಗಿ ನಿಮ್ಮ ಕೈಗೆ ಸಿಗದಿದ್ದರೆ ಅವರೇ ಜನ ಬಿಟ್ಟು ಕತ್ತರಿಸಿ, ಖರ್ಚು ಮತ್ತು ದಂಡ ಎರಡನ್ನೂ ನಿಮ್ಮ ಮೇಲೆ ಹಾಕಬಹುದು. ವಿಳಾಸ ಬದಲಾದರೆ ತಿಳಿಸಿ.

ಬೆಂಕಿ ಹತ್ತಿಕೊಂಡರೆ

000ಗೆ ಕರೆ ಮಾಡಿ 'ಫೈರ್' ಅನ್ನಿ. ಇಂಗ್ಲಿಷ್ ಕಷ್ಟವಾದರೆ 'ಕನ್ನಡ' ಅಂತ ಹೇಳಿ, ದುಭಾಷಿಯನ್ನು ಕೇಳಬಹುದು, ಲೈನ್ ಕಟ್ ಮಾಡಬೇಡಿ. ಊರಿಂದ ಬಂದು ಹಗಲಲ್ಲಿ ಮಕ್ಕಳ ಜೊತೆ ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಖಂಡಿತ ಹೇಳಿಕೊಡಿ. ಮನೆಯ ವಿಳಾಸ, ಹತ್ತಿರದ ಅಡ್ಡರಸ್ತೆಯ ಹೆಸರು ಎರಡನ್ನೂ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ.